ಚಿಕ್ಕಪ್ಪ ಒಪ್ಪಿಕೊಂಡುಬಿಟ್ಟರು

ನನ್ನ ಮೈದುನನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಅಡ್ಡಗಾಲು ಚಿಕ್ಕಪ್ಪ. ಎದುರಿಗೆ ಚಿಕ್ಕಪ್ಪ, ಬೆನ್ನ ಹಿಂದೆ ಅಡ್ಡಗಾಲು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿಯ ತಪ್ಪು ಹಿಡಿಯುವುದೇ ಅವರ ಕೆಲಸ. ನಿವೃತ್ತಿಯಾದ ಮೇಲೆ ತಕ್ಕಡಿ ದೂರವಾಯಿತು, ತಪ್ಪು ಹಿಡಿಯುವುದು ಹತ್ತಿರವೇ ಉಳಿಯಿತು. ಬಿಸಿಲು ಚೆನ್ನಾಗಿದೆ ಎಂದರೆ ಬಟ್ಟೆಯ ಬಣ್ಣ ಹೋಗುತ್ತದೆ ಎನ್ನುವರು. ಸರಿ, ಮೋಡ ಬರಲಿ ಎಂದರೆ ಬಟ್ಟೆ ಒಣಗುವುದು ಹೇಗೆ ಎನ್ನುವರು. ಅವರ ಹೆಂಡತಿ ಇದ್ದಾಗ ಇಂಥ ಮಾತಿಗೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ ನಗುವವರಿಲ್ಲದೆ ಆ ಮಾತುಗಳಲ್ಲಿ ಮುಳ್ಳು ಮಾತ್ರ ಕಾಣತೊಡಗಿತು. ಮನೆಯ ಯಾವುದೇ ಸಮಾರಂಭಕ್ಕೆ ಅವರನ್ನು ಕರೆಯುತ್ತಿದ್ದರು, ಆದರೆ ಎಲ್ಲ ತೀರ್ಮಾನವಾದ ಮೇಲೆ.

ನನ್ನ ಮಗಳು ಕಂಪನಿ ಶುರು ಮಾಡಿದ್ದು ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗಿನಿಂದ ಇಸ್ತ್ರಿಯ ಹಬೆ ಬಂದು ಕಿಟಕಿಯ ಗಾಜು ಸದಾ ಮಂಜಾಗಿರುತ್ತಿತ್ತು. ಕಂಪನಿಯ ಹೆಸರು ‘ಏನಂತೀರಿ’. ದಿನಕ್ಕೊಂದು ಪ್ರಶ್ನೆಯನ್ನು ಅಂತರ್ಜಾಲದಲ್ಲಿ ಹಾಕುವುದು, ಜನ ತಮ್ಮ ಅಭಿಪ್ರಾಯ ಬರೆಯುವುದು, ಉಳಿದವರು ಅದಕ್ಕೆ ಹೌದು, ಅಲ್ಲ ಎಂದು ಉತ್ತರ ಕೊಡುವುದು. ಅವಳ ಪಾಲುದಾರ ಕಾಲೇಜಿನ ಗೆಳೆಯ. ಎಷ್ಟು ಜನ ಬಂದರು ಎಂದು ತೋರಿಸುವ ಗೆರೆಯನ್ನೇ ಇಡೀ ದಿನ ನೋಡುತ್ತ ಕೂರುವವನಾದ್ದರಿಂದ ಅವನಿಗೆ ಗ್ರಾಫು ಎಂದೇ ಹೆಸರು.

ನಾನು ಮಧ್ಯಾಹ್ನ ಊಟದ ಡಬ್ಬಿ, ಕಾಫಿಯ ಫ್ಲಾಸ್ಕು ಹಿಡಿದು ಹೋಗುತ್ತಿದ್ದೆ. ಮೊದಲ ತಿಂಗಳು ಆ ಗೆರೆ ನೆಲಕ್ಕಂಟಿದ ಹುಳುವಿನಂತೆ ಮಲಗಿತ್ತು. ಒದ್ದೆ ಕೊಡೆಯನ್ನು ಬಿಡಿಸಿಟ್ಟು ಒಣಗಿಸಬೇಕೋ, ಮಡಿಸಿಯೋ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಬಿಡಿಸಿ. ಅದರ ಕೆಳಗೆ ಸರಿಯಾಗಿ ಹೇಳಿದಿರಿ, ನಾನೂ ಅದನ್ನೇ ಹೇಳಬೇಕೆಂದಿದ್ದೆ, ಕೈಮುಗಿದ ಚಿತ್ರ. ಅಷ್ಟು ಹೇಳಿ ಜನ ಎದ್ದು ಹೋಗುತ್ತಿದ್ದರು.

"ಎಲ್ಲಾರೂ ಒಪ್ಕೊಂಡ್ಬಿಟ್ರೆ ಯಾರು ಕಣೇ ಇಲ್ಲಿ ಕೂರ್ತಾರೆ?" ಎಂದ ಗ್ರಾಫು. "ಸಾವಿನ ಮನೇಲೂ ಇದಕ್ಕಿಂತ ಜಾಸ್ತಿ ಜಗಳ ಇರತ್ತೆ."

ಅಂದು ನನ್ನ ಜೊತೆ ಮೈದುನರೂ ಬಂದಿದ್ದರು, ಮೆಟ್ಟಿಲಿನ ಎತ್ತರ ಸರಿಯಿಲ್ಲ ಎಂದು ಹೇಳುತ್ತಲೇ. ಪರದೆಯ ಮೇಲಿನ ಕೊಡೆಯ ಪ್ರಶ್ನೆ ಓದಿ, ಹುಬ್ಬು ಗಂಟಿಕ್ಕಿ, ಎರಡು ಬೆರಳಿನಲ್ಲಿ ಉತ್ತರ ಕುಟ್ಟಿದರು: "ಕೊಡೆಯನ್ನು ಒಣಗಿಸುವುದೇ ದಂಡ. ನಾಳೆ ಮತ್ತೆ ನೆನೆಯುವುದು ಅದರ ಕೆಲಸ. ಸ್ನಾನಕ್ಕೆ ಹೊರಟವನ ಮೈ ಒರೆಸುತ್ತೀರಾ?"

ನಾವು ಊಟ ಮುಗಿಸುವಷ್ಟರಲ್ಲಿ ಅವರನ್ನು ಬೈಯಲು ಜಾತ್ರೆ ಸೇರಿತ್ತು. ಕೊಡೆಗೆ ತುಕ್ಕು ಹಿಡಿಯುತ್ತದೆ ಎಂದವರಿಗೆ ತುಕ್ಕು ಹಿಡಿಯದ ಕೊಡೆಯನ್ನು ಮರೆತು ಬರುವಿರಿ, ತುಕ್ಕು ಹಿಡಿದದ್ದನ್ನು ಯಾರೂ ಕದಿಯುವುದಿಲ್ಲ ಎಂದು ಉತ್ತರಿಸಿದರು. ಗೆರೆ ಎದ್ದು ನಿಂತಿತು.

ಅವರು ಕೈತೊಳೆಯಲು ಹೋದಾಗ ಮಗಳು ಪಿಸುಗುಟ್ಟಿದಳು: "ಇವ್ರನ್ನೇ ಕೆಲಸಕ್ಕೆ ಇಟ್ಕೊಳ್ಳೋಣ. ನಮ್ಮ ವಂಶದಲ್ಲೇ ಇವ್ರಷ್ಟು ತಲೆಚಿಟ್ಟು ಹಿಡಿಸೋರು ಯಾರೂ ಇಲ್ಲ. ಅದಕ್ಕೇ ಬೇಕು." ನಾನು ಕಣ್ಣು ಬಿಟ್ಟು ಗದರಿದೆ. ಆದರೆ ಅವರು ಹೊರಗೆ ಬಂದಾಗ ಅವಳು ಹೇಳಿದ್ದು ಇಷ್ಟೇ: "ಚಿಕ್ಕಪ್ಪ, ನಿಮ್ಮ ಅಭಿಪ್ರಾಯ ನಮಗೆ ದಿನಾ ಬೇಕು."

ಅವರು ಒದ್ದೆ ಕೈಯಲ್ಲಿ ಹಾಗೇ ನಿಂತರು. "ದಿನಾ?" ಎಂದರು. ಪಾಪ, ಬೇಡ ಎನ್ನಲೂ ಮರೆತರು.

ಆಮೇಲಿನ ಕಥೆ ಬಾಳೆಗಿಡದಂತೆ ಬೆಳೆಯಿತು. ಅವರು ‘ಒಪ್ಪಲಾರೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಬೆಳಗಿನ ನಡಿಗೆ ಎಂದರೆ ಎಲ್ಲಿಗೂ ಹೋಗದೆ ದಣಿಯುವ ಕಲೆ. ಹೂದಾನಿ ಎಂದರೆ ಹೆಣವನ್ನು ನೀರಿನಲ್ಲಿ ನಿಲ್ಲಿಸುವ ಪಾತ್ರೆ. ಜನ ಹಲ್ಲು ಕಡಿಯುತ್ತ ಬಂದರು, ನಗುತ್ತ ಉಳಿದರು. ಅವರು ಕೊಡೆಯನ್ನು ವಿರೋಧಿಸುತ್ತಿದ್ದರೇ ಹೊರತು ಕೊಡೆ ಹಿಡಿದವನನ್ನು ಎಂದೂ ಹಳಿಯಲಿಲ್ಲ. ಅದು ಓದುವವರಿಗೆ ತಿಳಿಯುತ್ತಿತ್ತು. ಹಣ ಹಾಕುವವರು ಹುಡುಕಿಕೊಂಡು ಬಂದರು. ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದರು, ಹೊಸ ಹುಡುಗ ಹುಡುಗಿಯರು ಬಂದರು, ಯಾರೂ ಕೂರಲು ಧೈರ್ಯ ಮಾಡದಂಥ ಬಿಳಿ ಸೋಫಾ ಬಂತು.

ಎಲ್ಲರೂ ಅವರನ್ನು ಚಿಕ್ಕಪ್ಪ ಎಂದೇ ಕರೆದರು. ಒಬ್ಬಳು ಅವರ ಬೆನ್ನಿಗೆ ದಿಂಬು ತಂದಳು. ಕೆಳಗಿನ ಅಂಗಡಿಯವನು ಅವರು ಮೆಟ್ಟಿಲು ಹತ್ತುವ ಹೊತ್ತಿಗೆ ಹಬೆಯ ಯಂತ್ರ ನಿಲ್ಲಿಸಿ ದಾರಿ ಕಾಣುವಂತೆ ಮಾಡುತ್ತಿದ್ದ, ಯಾರೂ ಹೇಳದೆ. ಪ್ರೇಮಿಗೆ ಏನು ಉಡುಗೊರೆ ಕೊಡಲಿ, ಕೂದಲು ಕತ್ತರಿಸಲೋ ಬೇಡವೋ, ಎಲ್ಲದಕ್ಕೂ "ಚಿಕ್ಕಪ್ಪ, ನೀವೇನಂತೀರಿ?" ಎಂದು ಕೇಳುವವರೇ. ಅವರು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬರತೊಡಗಿದರು. ಒಂದು ದಿನ ಗುನುಗುವುದನ್ನೂ ಕೇಳಿದೆ.

ಎಡವಟ್ಟು ಶುರುವಾದದ್ದು ಅಲ್ಲೇ.

ಅಂದಿನ ಪ್ರಶ್ನೆ: ಮನೆಗೆ ಬೆಕ್ಕು ಒಳ್ಳೆಯದೋ, ನಾಯಿಯೋ? ಜನ ತೋಳೇರಿಸಿ ಕಾಯುತ್ತಿದ್ದರು. ‘ಒಪ್ಪಲಾರೆ’ ಬರೆದರು: "ಅವರವರ ಮನೆ, ಅವರವರ ಪ್ರಾಣಿ. ಎರಡೂ ಮುದ್ದು."

ಗ್ರಾಫು ಎದೆ ಹಿಡಿದುಕೊಂಡ. "ಮುದ್ದು? ಚಿಕ್ಕಪ್ಪ ಮುದ್ದು ಅಂದ್ರಾ?"

"ಹುಷಾರಿಲ್ಲವೇನೋ," ಎಂದಳು ಮಗಳು.

ಹುಷಾರಾಗಿಯೇ ಇದ್ದರು. ಮರುದಿನ ಇಬ್ಬರ ವಾದದಲ್ಲೂ ಹುರುಳಿದೆ ಎಂದರು. ಅದರ ಮರುದಿನ, ನನಗಿಂತ ನೀವು ಚೆನ್ನಾಗಿ ಯೋಚಿಸಿದ್ದೀರಿ ಎಂದು ಯಾರನ್ನೋ ಹೊಗಳಿದರು. ಸುಖದಲ್ಲಿರುವ ಮನುಷ್ಯ ಯಾವುದನ್ನು ತಾನೇ ವಿರೋಧಿಸಿಯಾನು? ಗೆರೆ ಇಳಿಯತೊಡಗಿತು. ಅವರ ಬದಲಿಗೆ ಬರೆಯಲು ಇಬ್ಬರು ಚುರುಕಿನವರನ್ನು ಕೂರಿಸಿದರು. ಅವರಿಗೆ ಬೈಯಲು ಬರುತ್ತಿತ್ತು, ಒಪ್ಪದಿರಲು ಬರುತ್ತಿರಲಿಲ್ಲ. ಬೈಸಿಕೊಂಡವರು ಬಾಗಿಲು ಹಾಕಿಕೊಂಡು ಹೋದರು.

ಕೊನೆಗೆ ಗ್ರಾಫು ಒಂದು ಉಪಾಯ ಹೂಡಿದ: ಚಿಕ್ಕಪ್ಪನಿಗೆ ಮತ್ತೆ ಸಿಟ್ಟು ಬರಿಸಬೇಕು. ಅವರ ಕುರ್ಚಿಯ ಒಂದು ಕಾಲು ಕುಲುಕುವಂತೆ ಮಾಡಿದ. ಅವರು ಕಾಗದ ಮಡಿಸಿ ಕಾಲಿನ ಅಡಿಗಿಟ್ಟು, "ಪಾಪ, ಇದಕ್ಕೂ ವಯಸ್ಸಾಯ್ತು" ಎಂದರು. ಗೋಡೆಯ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿಟ್ಟ. ಜೀವಮಾನವೆಲ್ಲ ಅಳತೆಯ ತಪ್ಪು ಹಿಡಿದವರು ಕೈಗಡಿಯಾರ ನೋಡಿ, ಅದನ್ನೂ ನೋಡಿ, "ಬಿಡು, ಅವಸರದಲ್ಲಿದೆ" ಎಂದರು. ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿಸಿದ. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಕಾಫಿ ಮಾಡಿದ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಮನೇಲಿ ಎಲ್ಲಾ ಸರಿ ಇದೆ ತಾನೇ ಮಗಳೇ? ಮನಸ್ಸು ಎಲ್ಲೋ ಇದ್ದಾಗ ಹಿಂಗಾಗತ್ತೆ." ಆ ಹುಡುಗಿ ಅತ್ತುಬಿಟ್ಟಳು.

ಹಣ ಹಾಕಿದವರು ಶುಕ್ರವಾರ ಬರುವುದಾಗಿ ತಿಳಿಸಿದರು. ಅಷ್ಟರೊಳಗೆ ಗೆರೆ ಏಳದಿದ್ದರೆ ಕಂಪನಿ ಮುಚ್ಚುವುದೇ. ಮಗಳು ಈ ಕೋಣೆಗಾಗಿ ಒಳ್ಳೆಯ ಕೆಲಸ ಬಿಟ್ಟಿದ್ದಳು.

"ಒಂದೇ ದಾರಿ ಉಳಿದಿದೆ," ಎಂದ ಗ್ರಾಫು. "ಅವ್ರನ್ನ ಯಾಕೆ ಕರೆದ್ವಿ ಅಂತ ಹೇಳ್ಬಿಡು. ವಂಶದಲ್ಲೇ ಯಾರೂ ಸಹಿಸಲ್ಲ, ಅದಕ್ಕೇ ಕರೆದ್ವಿ ಅಂತ. ಒಂದು ವಾರ ಬೆಂಕಿ ಉಗುಳ್ತಾರೆ. ನಮಗೆ ಅಷ್ಟು ಸಾಕು."

"ಬಾಯಿಗೆ ಬಂದಿದ್ದು ಆಡಬೇಡ ಕಣೋ."

"ನಾನಾಡಿದ್ದಲ್ಲ ಕಣೇ, ನೀನೇ ಆಡಿದ್ದು."

ಅವಳು ನನ್ನ ಮುಖ ನೋಡಿದಳು. ನಾನು ಡಬ್ಬಿಯ ಮುಚ್ಚಳ ಒರೆಸಿದೆ. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಂಪನಿ ಅವಳದು, ಮಾತೂ ಅವಳದೇ. ಎದ್ದು ಹೋಗಿ ಚಿಕ್ಕಪ್ಪನ ಎದುರು ಕುರ್ಚಿ ಎಳೆದುಕೊಂಡಳು. ಅವರು ಕಿತ್ತಳೆ ಸುಲಿಯುತ್ತಿದ್ದರು.

"ಚಿಕ್ಕಪ್ಪ, ನಿಮ್ಮನ್ನ ಇಲ್ಲಿಗೆ ಯಾಕೆ ಕರೆದೆ, ಗೊತ್ತಾ?"

"ಗೊತ್ತಿಲ್ದೆ ಏನಮ್ಮ," ಎಂದರು ಅವರು, ಬೀಜ ಬಿಡಿಸುತ್ತ. "ಮನೇಲಿ ಎಲ್ಲಾ ಆದ್ಮೇಲೆ ನಂಗೆ ಹೇಳ್ತಿದ್ರು. ನೀನು ಆಗೋದಕ್ಕೆ ಮುಂಚೆ ಕೇಳ್ದೆ. ನಿನ್ನ ಚಿಕ್ಕಮ್ಮ ಹೋದ್ಮೇಲೆ ಅಂಥ ಮಾತು ಕೇಳಿದ್ದು ನಿನ್ನ ಬಾಯಿಂದಾನೇ. ಯಾಕೆ, ನಾನು ಸರಿಯಾಗಿ ಮಾಡ್ತಿಲ್ವಾ?"

ಗ್ರಾಫು ಗೋಡೆಗೆ ಒರಗಿ ಹೇಳು, ಹೇಳು ಎಂದು ಕೈಸನ್ನೆ ಮಾಡುತ್ತಿದ್ದ. ಮಗಳು ಅವರ ಕೈಯ ಕಿತ್ತಳೆಯನ್ನು ನೋಡಿ ಅಂಗೈ ಚಾಚಿದಳು.

"ಇಲ್ಲ ಚಿಕ್ಕಪ್ಪ. ಸರಿಯಾಗೇ ಮಾಡ್ತಿದೀರಿ. ಒಂದು ತೊಳೆ ಕೊಡಿ."

ಗ್ರಾಫು ಹಣೆ ಚಚ್ಚಿಕೊಂಡ. ನನಗೆ ಮಾತ್ರ ಮಗಳು ಮೊದಲ ಸಲ ನಡೆದ ದಿನದಷ್ಟೇ ಹಿಗ್ಗಾಯಿತು.

ಶುಕ್ರವಾರ ಹಣದವರು ಬಂದರು. ಗಂಡಸೊಬ್ಬರು, ಹೆಂಗಸೊಬ್ಬರು, ಇಬ್ಬರದೂ ಗರಿಗರಿ ಕೋಟು. ಗಂಡಸು ಬಿಳಿ ಸೋಫಾದ ತುದಿಯಲ್ಲಿ ಕೂತು ಗೆರೆ ನೋಡಿದರು, ನಾಲಿಗೆ ಲೊಚಗುಟ್ಟಿದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು.

"ನೀವೇನಾ ಆ ‘ಒಪ್ಪಲಾರೆ’? ನಿಮ್ಮನ್ನ ನೋಡೋ ಆಸೆ ಇತ್ತು. ನೋಡಿ, ಈ ಕಂಪನಿ ಮುಚ್ಚೋದು ಒಳ್ಳೇದು ಅಂತ ನಮ್ಮ ಅನಿಸಿಕೆ. ನೀವೇನಂತೀರಿ?"

ಗ್ರಾಫುವಿನ ಕಣ್ಣು ಅರಳಿತು. ಇಷ್ಟು ಚೆಂದದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಂದೇ ಒಂದು ‘ಅಲ್ಲ’. ಬದುಕಿಡೀ ಪುಕ್ಕಟೆ ಹಂಚಿದ ಪದ. ಹೆಂಗಸು ಪೆನ್ನು ತೆರೆದರು.

ಚಿಕ್ಕಪ್ಪ ಯೋಚಿಸಿದರು. ಮಗಳ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು.

"ನೀವು ಹೇಳೋದು ಸರಿ," ಎಂದರು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಹಣದವರು ಕೈಕುಲುಕಿ ಮೆಟ್ಟಿಲಿಳಿದರು. ಗ್ರಾಫು ಮೇಜಿನ ಮೇಲೆ ತಲೆಯಿಟ್ಟು ಮಲಗಿದ. ಕಾಫಿಯ ಹುಡುಗಿ ಬಂದು ಅವನ ತಲೆಯಡಿಗೆ ದಿಂಬು ತುರುಕಿ ಹೋದಳು.

"ಚಿಕ್ಕಪ್ಪ," ಎಂದಳು ಮಗಳು, ನಗಲೋ ಅಳಲೋ ತಿಳಿಯದ ದನಿಯಲ್ಲಿ, "ಇವತ್ತೊಂದಿನ ಅಲ್ಲ ಅನ್ನಬಾರದಿತ್ತಾ?"

"ಅಂದಿದ್ರೆ ಇನ್ನೂ ಮೂರು ತಿಂಗಳು ಎಳೀತಿದ್ರು. ನೀನು ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು? ನಿಮ್ಮಮ್ಮ ತಂದ ಡಬ್ಬಿ ಹಾಗೇ ವಾಪಸ್ ಹೋಗತ್ತೆ. ಕೂತಲ್ಲೇ ತೂಕಡಿಸ್ತೀಯ. ಕಂಪನಿ ಹೋದ್ರೆ ಇನ್ನೊಂದು ಮಾಡ್ಬಹುದು. ನಿನ್ನ ಹಾಗೇ ಇನ್ನೊಬ್ಳನ್ನ ಎಲ್ಲಿಂದ ತರ್ಲಿ?"

"ನಾನು ಚೆನ್ನಾಗೇ ಇದ್ದೆ!"

"ಒಪ್ಪಲ್ಲ."

"ಊಟ ಬಿಟ್ಟಿದ್ದು ಎರಡು ಸಲ ಅಷ್ಟೇ!"

"ಅಳತೆ ತಪ್ಪು."

"ತೂಕಡಿಸಿದ್ದಲ್ಲ, ಕಣ್ಣು ಮುಚ್ಕೊಂಡು ಯೋಚ್ನೆ ಮಾಡ್ತಿದ್ದೆ!"

"ಗೊರಕೆ ಹೊಡ್ಕೊಂಡು ಯೋಚ್ನೆ ಮಾಡೋರನ್ನ ನಾನು ಕಂಡಿಲ್ಲ. ಎಮ್ಮೆ ಬೇಕಾದ್ರೆ ಮಾಡತ್ತೆ."

ಮಗಳು ಕುರ್ಚಿಯಿಂದ ಎದ್ದು ನಿಂತು ವಾದಿಸಿದಳು. ಅವರು ಕೂತಲ್ಲೇ ಒಂದೊಂದಾಗಿ ಕತ್ತರಿಸಿದರು. ಸುತ್ತ ಎಲ್ಲರೂ ಸೇರಿದರು. ಅರ್ಧ ಜನ ಅವಳ ಕಡೆ, ಅರ್ಧ ಜನ ಚಿಕ್ಕಪ್ಪನ ಕಡೆ. ಯಾರೋ ಮೊದಲ ಸಲ ಬಿಳಿ ಸೋಫಾದ ಮೇಲೆ ಕಾಲು ಮಡಚಿ ಕೂತರು. ಗದ್ದಲ ಕೇಳಿ ಡ್ರೈಕ್ಲೀನಿಂಗ್ ಅಂಗಡಿಯವನೂ ಮೇಲೆ ಬಂದು, ಏನು ಎತ್ತ ವಿಚಾರಿಸದೆ, ಚಿಕ್ಕಪ್ಪ ಹೇಳಿದ್ದೇ ಸರಿ ಎಂದ.

ಗ್ರಾಫು ನಿಧಾನವಾಗಿ ತಲೆ ಎತ್ತಿದ. ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗುರುತು ಮೂಡಿತ್ತು. ಇಬ್ಬರನ್ನೂ ದಿಟ್ಟಿಸಿ ನೋಡಿ, ಎರಡೂ ಕೈ ಜೋಡಿಸಿ ಕೇಳಿದ:

"ಈ ಜಗಳಾನ ಹೋದ ವಾರ ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"