ಕೆಲಸ ಬಿಟ್ಟ ಕಾರಣ

ಏಳು ದಿನ ಜಾಹೀರಾತು ಹಾಕಿ, ದೇವರೇ ಯಾರೂ ಬರದಿರಲಿ ಎಂದು ಕಾಯುವುದು ಈ ದ್ವೀಪದ ಜನಕ್ಕೆ ಹೊಸದೇನಲ್ಲ. ಹೊರದೇಶದ ಆಳು ಬೇಕೆಂದರೆ ಮೊದಲು ನಮ್ಮವರನ್ನೇ ಕರೆಯಬೇಕು. ನಮ್ಮವರು ಒಲ್ಲೆ ಎಂದರೆ ಮಾತ್ರ ಸರ್ಕಾರ ಅನುಮತಿ ಕೊಡುತ್ತದೆ. ಅನ್ನಕ್ಕೆ ಸುತ್ತಿ ತಿನ್ನುವ ಕಡಲಪಾಚಿ ಎಲ್ಲರಿಗೂ ಬೇಕು, ಆದರೆ ಮಾಘದ ಚಳಿಯಲ್ಲಿ ಸಮುದ್ರದ ಮೇಲೆ ಅದು ಬೆಳೆಯುವ ಬಲೆ ಎಳೆಯಲು ರಾಜಧಾನಿ ಸೋಲ್‌ನ ಯಾವ ಹುಡುಗ ಬರುತ್ತಾನೆ? ಆದರೂ ಮಾ ಸುನ್‌ದೊಕ್ ಆ ಏಳು ದಿನವೂ ಫೋನ್ ಸದ್ದಾದಾಗಲೆಲ್ಲ ಬೆಚ್ಚಿದಳು. ಬರುವವನಿಗಿಂತ ಹೋದವನ ಭಯವೇ ಅವಳಿಗೆ ಹೆಚ್ಚಾಗಿತ್ತು.

ಹೋದವನು ದಲ್ಸು. ತಿಮೋರಿನಿಂದ ಬಂದ ಹುಡುಗ. ಅವನ ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ಬಂದ ದಿನವೇ ಅವಳ ಗಂಡ ಗಿಲ್‌ಸು ಹೊಸ ಹೆಸರಿಟ್ಟ. ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಸಾಕಿದ ನಾಯಿಗೆ ಇಟ್ಟಷ್ಟೇ ಸಲೀಸಾಗಿ. ಹುಡುಗ ನಕ್ಕು, ಎರಡು ವರ್ಷ ಆ ಹೆಸರಿಗೇ ಓಗೊಟ್ಟ.

ಕಳೆದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಂದರಿನಲ್ಲಿ ಗಾಳಿಯ ಎಚ್ಚರಿಕೆಯ ಬಾವುಟ ಹಾರುತ್ತಿತ್ತು. ಬಲೆ ಹರಿದುಹೋಗುತ್ತದೆಂದು ಗಿಲ್‌ಸು ಹಟ ಹಿಡಿದು ದೋಣಿ ಇಳಿಸಿದ. ಹೋಗುವಾಗ ಇಬ್ಬರು, ಬರುವಾಗ ಒಬ್ಬ. ಹುಡುಗನ ಜೀವರಕ್ಷಕ ಜಾಕೆಟ್ಟು ಮನೆಯ ಗೂಟದಲ್ಲೇ ನೇತಾಡುತ್ತಿತ್ತು.

"ಸತ್ತ ಅಂತ ಹೇಳಿದ್ರೆ ನಂಗೆ ಜೈಲು," ಎಂದಿದ್ದ ಗಿಲ್‌ಸು, ಚಳಿಗೆ ಹಲ್ಲು ಕಟಕಟಿಸುತ್ತ. "ಇನ್ನೊಬ್ಬ ಆಳನ್ನೂ ಕೊಡಲ್ಲ. ಓಡಿಹೋದ ಅಂತ ಬರೆದ್ರೆ ಮುಗೀತು. ದಿನಾ ಎಷ್ಟು ಜನ ಓಡಿಹೋಗಲ್ಲ?"

ಉದ್ಯೋಗ ಕಚೇರಿಗೆ ಹಾಗೇ ಬರೆದುಕೊಟ್ಟರು. ಹುಡುಗನ ಬಟ್ಟೆ, ಕಾಗದಪತ್ರ ಎಲ್ಲವನ್ನೂ ಗಿಲ್‌ಸು ಹಿತ್ತಿಲಲ್ಲಿ ಸುಟ್ಟ. ಸುನ್‌ದೊಕ್ ತಡೆಯಲಿಲ್ಲ. ಆ ಪಾಪದಲ್ಲಿ ತನಗೂ ಸಮಪಾಲಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಆಮೇಲೆ ಶುರುವಾಯಿತು. ಮಧ್ಯಾಹ್ನ ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ಹುಡುಗ ಮಲಗುತ್ತಿದ್ದ ಹಿತ್ತಿಲ ಕೋಣೆಯ ಬಾಗಿಲು ಸರಿದ ಸದ್ದು. ಒದ್ದೆ ಬೂಟು ಕಳಚಿಡುವ ಸದ್ದು. ಅವಳ ಕೈ ತಾನಾಗಿ ಮೂರು ಬಟ್ಟಲು ಬಡಿಸುತ್ತಿತ್ತು. ಗಿಲ್‌ಸು ಮೂರನೆಯ ಬಟ್ಟಲಿಗೆ ಬೆನ್ನು ತಿರುಗಿಸಿ ಕೂತು ಉಣ್ಣುತ್ತಿದ್ದ. ಬೈಯುತ್ತಿರಲಿಲ್ಲ, ತೆಗೆ ಎನ್ನುತ್ತಲೂ ಇರಲಿಲ್ಲ. ಅವನಿಗೂ ಆ ಸದ್ದು ಕೇಳುತ್ತಿದೆ ಎಂದು ಅವಳಿಗೆ ಅದರಿಂದಲೇ ತಿಳಿಯಿತು.

ಮುಳುಗಿದವರನ್ನು ಮೇಲಕ್ಕೆ ಕರೆಯುವ ಶಾಸ್ತ್ರ ಊರಲ್ಲಿದೆ. ಹಿತ್ತಾಳೆ ಬಟ್ಟಲಲ್ಲಿ ಅಕ್ಕಿ ತುಂಬಿ ಮುಚ್ಚಿ, ಬಿಳಿ ಬಟ್ಟೆಗೆ ಕಟ್ಟಿ, ನೀರಿಗಿಳಿಸಿ ಹೆಸರು ಹಿಡಿದು ಕೂಗಬೇಕು. ಮೇಲೆತ್ತಿದಾಗ ಅಕ್ಕಿಯಲ್ಲಿ ಒಂದು ಕೂದಲು ಸಿಕ್ಕರೆ ಜೀವ ಬಂತೆಂದು ಲೆಕ್ಕ. ಆದರೆ ಓಡಿಹೋದವನಿಗೆ ಈ ಶಾಸ್ತ್ರ ಮಾಡಿಸುತ್ತೇನೆಂದು ದೇವರು ಮೈಮೇಲೆ ಬರುವ ಹೆಂಗಸನ್ನು ಕರೆಯುವುದುಂಟೇ? ಸುನ್‌ದೊಕ್ ಒಬ್ಬಳೇ ಬಂಡೆಯ ಮರೆಗೆ ಹೋಗಿ ಬಟ್ಟಲು ಇಳಿಸಿದಳು. "ದಲ್ಸೂ, ಬಾರಪ್ಪಾ." ಮೂರು ಸಲ ಇಳಿಸಿದರೂ ಮೂರು ಸಲವೂ ಬರೀ ನೆಂದ ಅಕ್ಕಿ. ಮೂರನೆಯ ಸಲ ಅವಳಿಗೆ ಹೊಳೆಯಿತು: ಹೆತ್ತವಳು ಇಡದ ಹೆಸರಿಗೆ ಸತ್ತ ಮೇಲೆ ಯಾರು ಓಗೊಡುತ್ತಾರೆ? ಅವನ ಹೆಸರೇ ತನಗೆ ಗೊತ್ತಿಲ್ಲ. ಎರಡು ವರ್ಷ ಕೈಯಾರೆ ಬಡಿಸಿದವಳಿಗೆ ಗೊತ್ತಿಲ್ಲ.

ಹಾಗಾಗಿ ಎಂಟನೆಯ ದಿನ ಅನುಮತಿ ಪತ್ರಕ್ಕೆಂದು ಉದ್ಯೋಗ ಕಚೇರಿಗೆ ಹೋಗುವ ಸರದಿ ಬಂದಾಗ, ನಾನೇ ಹೋಗುತ್ತೇನೆ ಎಂದಳು. ಗಿಲ್‌ಸು ತಲೆಯೆತ್ತದೆ ಬಲೆಗೆ ಹಗ್ಗ ಪೋಣಿಸುತ್ತಿದ್ದ. ನಾಳೆ ಹಳೆಯ ಜಾಗದಲ್ಲೇ ಬಲೆ ಕಟ್ಟಬೇಕೆಂದ.

ಕಚೇರಿಯ ಗುಮಾಸ್ತ ನೊ ಜುನ್‌ಬೇ ಮಾತಿನಮಲ್ಲ.

"ಏಳು ದಿನದಲ್ಲಿ ಒಬ್ರೂ ಬರ್ಲಿಲ್ವಾ ಅಮ್ಮ?"

"ಒಬ್ಬ ಫೋನ್ ಮಾಡಿದ್ದ. ದೋಣಿ ಮೇಲೆ ವೈಫೈ ಇದೆಯಾ ಅಂದ. ಇಲ್ಲಪ್ಪ ಅಂದೆ. ಇಟ್ಬಿಟ್ಟ."

ಜುನ್‌ಬೇ ನಗುತ್ತ ಮೂವರು ಹುಡುಗರ ಫೋಟೋ ಮುಂದಿಟ್ಟ. "ಇವ್ರಲ್ಲಿ ಒಬ್ಬನ್ನ ಆರಿಸ್ಕೊಳ್ಳಿ." ಮೂವರೂ ಫೋಟೋಕ್ಕೆಂದು ತಲೆ ನುಣ್ಣಗೆ ಬಾಚಿಕೊಂಡಿದ್ದರು. ಸುನ್‌ದೊಕ್ ನೋಡದೆಯೇ ಒಂದರ ಮೇಲೆ ಬೆರಳಿಟ್ಟಳು. ಮುದ್ರೆ ಬಿತ್ತು. ಪತ್ರ ಕೈಗೆ ಬಂತು.

"ಸರ್, ಹಿಂದಿನವನ ಹೆಸರು ಸ್ವಲ್ಪ ಓದಿ ಹೇಳ್ತೀರಾ?"

"ಎರಡು ವರ್ಷ ಇಟ್ಕೊಂಡಿದ್ರಿ, ಹೆಸರು ಗೊತ್ತಿಲ್ವಾ? ಭಲೇ ಯಜಮಾನ್ತಿ." ಅವನು ಕಂಪ್ಯೂಟರಿನ ಪರದೆ ನೋಡಿದ. "ಅಬ್ರಾವ್ ಶಿಮೆನೆಸ್."

"ಅಬ್ರಾವ್," ಎಂದಳು ಅವಳು. ಮತ್ತೊಮ್ಮೆ ಎಂದಳು. ನಾಲಿಗೆಗೆ ಏನೂ ತೊಡಕಾಗಲಿಲ್ಲ.

ಬೇಕಾದದ್ದು ಎರಡೂ ಸಿಕ್ಕಿತ್ತು. ಅವಳು ಬಾಗಿಲ ತನಕ ಹೋದಳು.

"ಅವನ ಸುಳಿವು ಸಿಕ್ರೆ ತಿಳ್ಸಿ ಅಮ್ಮ," ಎಂದ ಜುನ್‌ಬೇ ಹಿಂದಿನಿಂದ. "ಅವರಮ್ಮ ತಿಂಗಳು ತಿಂಗಳು ಫೋನ್ ಮಾಡ್ತಾರೆ. ಇನ್ನೂ ಪೊಲೀಸ್ರ ಕೈಗೆ ಸಿಗ್ಲಿಲ್ವಾ ಅಂತ. ಸಿಕ್ಕಿಬಿದ್ರೆ ಊರಿಗೆ ಕಳಿಸ್ತಾರಲ್ಲ, ಅದಕ್ಕೇ ಬೇಗ ಹಿಡೀಲಿ ಅಂತ ಚರ್ಚಿನಲ್ಲಿ ಮೇಣದಬತ್ತಿ ಹಚ್ತಾರಂತೆ. ಮಗನ್ನ ಹಿಡ್ಕೊಂಡು ಹೋಗಿ ಅನ್ನೋ ತಾಯಿನ ನಾನೆಲ್ಲೂ ನೋಡಿರ್ಲಿಲ್ಲ."

ಸುನ್‌ದೊಕ್ ಬಾಗಿಲ ಹಿಡಿಕೆ ಬಿಟ್ಟಳು. ಅವಳು ತಿರುಗಿ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ಪತ್ರವನ್ನು ಮೇಜಿನ ಮೇಲಿಟ್ಟು ಅವನ ಕಡೆಗೆ ಸರಿಸಿದಳು.

"ಅವನು ಓಡಿಹೋಗ್ಲಿಲ್ಲ. ನಮ್ಮ ದೋಣಿಯಿಂದ ಬಿದ್ದು ಸತ್ತ. ಬಾವುಟ ಹಾರ್ತಾ ಇತ್ತು, ಆದ್ರೂ ಕರ್ಕೊಂಡು ಹೋದ್ವಿ."

ಜುನ್‌ಬೇ ಕೀಲಿಮಣೆಯಿಂದ ಕೈ ತೆಗೆದ. ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅಮ್ಮ, ನಂಗೇನೂ ಕೇಳಿಸ್ಲಿಲ್ಲ. ಪತ್ರ ತಗೊಂಡು ಮನೆಗೆ ಹೋಗಿ. ನಾನು ಬರೆದ್ರೆ ಇದೂ ಹೋಗುತ್ತೆ, ನಿಮ್ಮನೆಯವ್ರೂ ಹೋಗ್ತಾರೆ."

"ಗೊತ್ತು. ಬರೀರಿ."

ಅವನು ಹುಡುಗನ ಕಡತವನ್ನು ಮತ್ತೆ ಪರದೆಗೆ ತಂದ. ಆಮೇಲೆ ಕೆಲಸ ಬಿಟ್ಟ ಕಾರಣ ಎಂಬ ಕಡೆ ‘ಓಡಿಹೋದ’ ಎಂದಿದ್ದುದನ್ನು ಅಳಿಸಿ ‘ಸಾವು’ ಎಂಬ ಎರಡು ಅಕ್ಷರ ಒತ್ತಿದ. ಪರದೆ ಮುಂದಿನ ಪ್ರಶ್ನೆ ಕೇಳಿತು.

"ಶವ ಎಲ್ಲಿದೆ ಅಂತ ಕೇಳ್ತಿದೆ ಅಮ್ಮ."

"ಸಿಗ್ಲಿಲ್ಲ. ನಮ್ಮ ಬಲೆ ಕಟ್ಟೋ ಜಾಗದಲ್ಲೇ, ಕೆಳಗೆ ಇದಾನೆ." ಅವಳು ಪತ್ರವನ್ನು ಇನ್ನಷ್ಟು ಆಚೆ ತಳ್ಳಿದಳು. "ನಾಳೆ ನಮ್ಮನೆಯವ್ರು ಮತ್ತೆ ಅಲ್ಲೇ ಬಲೆ ಕಟ್ಟೋಕೆ ಹೋಗ್ತಾರೆ. ಬೇಡ ಅಂತ ನೀವೇ ಫೋನ್ ಮಾಡಿ ಹೇಳಿ. ನಾನು ಹೇಳಿದ್ರೆ ಕೇಳಲ್ಲ."