ಸಾಸಿವೆಯಷ್ಟು ಚುಕ್ಕಿ

ಬೈಂದೂರಿನ ಕಾಲೇಜೊಂದರಲ್ಲಿ ನಾನು ಲೈಬ್ರೇರಿಯನ್. ನಮ್ಮ ಕರಾವಳಿಯ ಮೀನುಗಳ ಬಗ್ಗೆ ಬಂದ ಸಂಶೋಧನಾ ಲೇಖನಗಳನ್ನೆಲ್ಲ ಕಲೆಹಾಕಿ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿದೆ. ಒಂದೊಂದು ಲೇಖನಕ್ಕೂ ಒಂದೊಂದು ಚುಕ್ಕಿ. ಹೆಚ್ಚು ಜನ ಉಲ್ಲೇಖಿಸಿದಷ್ಟೂ ಚುಕ್ಕಿ ದೊಡ್ಡದು. ಎಲ್ಲಕ್ಕಿಂತ ದೊಡ್ಡ ಚುಕ್ಕಿ, ಬಂಗುಡೆ ಮೊಟ್ಟೆಯಿಡುವ ಕಾಲದ ಬಗ್ಗೆ ದಾಮೋದರ ಖಾರ್ವಿ ಮಾಷ್ಟ್ರು ಬರೆದದ್ದು. ನನಗೆ ಪಾಠ ಹೇಳಿದವರು! ಹೆಮ್ಮೆ ತಡೆಯಲಾರದೆ ಲ್ಯಾಪ್‌ಟಾಪ್ ಹಿಡಿದು ಕಿರಿಮಂಜೇಶ್ವರದ ಅವರ ಮನೆಗೇ ಹೋದೆ.

ಮಾಷ್ಟ್ರು ನಕ್ಷೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಎಲ್ರೂ ಹೊಗಳಿದ್ದೇ ಕಾಣತ್ತ್. ತಪ್ಪ್ ಅಂದವ್ರ್ ಯಾರೂ ಇಲ್ಯಾ, ಸುಗಂಧಿ?"

ಒಬ್ಬಳಿದ್ದಳು. ಅವರು ಹೇಳಿದ ತಿಂಗಳೇ ತಪ್ಪೆಂದು ಬರೆದ ಯಾರೋ ಹುಡುಗಿ. ಅವಳನ್ನು ಯಾರೂ ಉಲ್ಲೇಖಿಸಿರಲಿಲ್ಲ. ಅವಳ ಚುಕ್ಕಿ ಸಾಸಿವೆಯಷ್ಟಿತ್ತು. ನನಗಂತೂ ಅವಳ ಮೇಲೆ ಸಿಟ್ಟೇ ಬಂದಿತ್ತು. ಒಲ್ಲದ ಮನಸ್ಸಿನಿಂದ ಅವಳ ಲೇಖನ ತೆರೆದುಕೊಟ್ಟೆ.

ಚಾ ಆರಿದ್ದೂ ತಿಳಿಯದೆ ಮಾಷ್ಟ್ರು ಕೊನೆಯ ಸಾಲಿನವರೆಗೂ ಓದಿದರು. ಕನ್ನಡಕ ತೆಗೆದಾಗ ಮುಖ ಅರಳಿತ್ತು.

"ಉಳ್ದೋರ್ ಬರೀ ನನ್ನ್ ಹೆಸ್ರ್ ಬರ್ದಿರ್ ಮಾರಾಯ್ತಿ. ಇವ್ಳ್ ನಾನ್ ಬರ್ದದ್ದನ್ನ ಓದಿದ್ಲ್. ಇವ್ಳ್ ಚುಕ್ಕಿ ದೊಡ್ಡದ್ ಮಾಡ್."