ಹದಿನೆಂಟು ಕೆಂಪು ದಾರ, ಏಳು ಮೊಟ್ಟೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವ ಮೊದಲು, ಓದುತ್ತಿರುವ ನೀವು ಯಾರು ಎಂದು ಕೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ. ಓದುವವರು ಸಾಮಾನ್ಯವಾಗಿ ಸಭ್ಯರೇ. ಎರ್ಮೆಕ್ ಕೂಡ ಸಭ್ಯನಾಗಿಯೇ ಇದ್ದ. (ಎರ್ಮೆಕ್ ನಾಲ್ಕನೇ ಭಾಗದಲ್ಲಿ ಬರುತ್ತಾನೆ. ಈಗಲೇ ಅಲ್ಲಿಗೆ ಹಾರಿ ನೋಡುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ.)

ಮೊದಲ ಡ್ರಾಫ್ಟ್ ಹೀಗಿತ್ತು: "ಊರಿನಿಂದ ಕುದುರೆಯ ಮೇಲೆ ಆರು ಗಂಟೆ, ಎರಡು ಹೊಳೆ ಕೂಡುವಲ್ಲಿ ಎಡಕ್ಕೆ, ಒಂಟೆಯ ಬೆನ್ನಿನಂಥ ಗುಡ್ಡ." ಬರೆದಾಗ ಚೆನ್ನಾಗಿದೆ ಅನ್ನಿಸಿತು. ಮತ್ತೆ ಓದಿದಾಗ, ಈ ಸಾಲನ್ನು ಕೈಯಲ್ಲಿ ಹಿಡಿದು ಯಾರು ಬೇಕಾದರೂ ನೇರ ಅಲ್ಲಿಗೆ ಹೋಗಿ ನಿಲ್ಲಬಹುದು ಅನ್ನಿಸಿತು. ಹೊಡೆದುಹಾಕಿದೆ. ಈಗ ನಿಮಗೆ ತೋರಿಸಿದ್ದರಲ್ಲಿ ಗಂಟೆ, ಹೊಳೆ, ಒಂಟೆ ಮೂರೂ ಸುಳ್ಳು.

ಹಾಗಾಗಿ: ಕಿರ್ಗಿಸ್ತಾನ. ಆಗಸ್ಟ್. ಕುರಿಗಳು ಇನ್ನೂ ಮೇಲೇ ಇವೆ. ಇಷ್ಟು ಸಾಕು. ದೇಶದ ತುಂಬ ಬೆಟ್ಟ, ಬೆಟ್ಟದ ತುಂಬ ಕುರಿ. ಹುಡುಕಿಕೊಳ್ಳಿ.

೨

ಬುರುಲ್ ನನ್ನ ಅತ್ತಿಗೆ. ಊರ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರ್. ನನಗೂ ಏಳನೇ ಕ್ಲಾಸಿನಲ್ಲಿ ಪಾಠ ಹೇಳಿ ಕಿವಿ ಹಿಂಡಿದವರು. ಶಾಲೆಗೆ ರಜೆ ಬಂದ ಕೂಡಲೇ ಮನೆಯವರೆಲ್ಲ ಮೇಲಿನ ಹುಲ್ಲುಗಾವಲಿಗೆ ಹೋಗಿ ಗುಡಾರ ಹಾಕುತ್ತೇವೆ. ಬೆಳಗಿನ ಹಾಲು ಕರೆದಾದ ಮೇಲೆ ಅತ್ತಿಗೆ ಫೋನಿಗೊಂದು ಬೆರಳುಗಾತ್ರದ ಲೆನ್ಸ್ ಸಿಕ್ಕಿಸಿಕೊಂಡು ಕಲ್ಲಿನ ಇಳಿಜಾರು ಹತ್ತುತ್ತಾರೆ. ಅಲ್ಲಿ ಹೊಟ್ಟೆಯ ಮೇಲೆ ಮಲಗಿ ಮಧ್ಯಾಹ್ನದವರೆಗೆ ಕಲ್ಲು ನೋಡುತ್ತಾರೆ. ಪಕ್ಕದ ಗುಡಾರದವರು ಮೊದಮೊದಲು, "ನಿಮ್ಮ ಸೊಸೆಗೆ ಹುಷಾರಿಲ್ವಾ?" ಎಂದು ಅಮ್ಮನನ್ನು ಕೇಳುತ್ತಿದ್ದರು.

ಅವರು ನೋಡುವುದು ಒಂದು ಬಿಳಿ ಚಿಟ್ಟೆಯ ಮೊಟ್ಟೆಗಳನ್ನು. ಚಿಟ್ಟೆಯ ರೆಕ್ಕೆಯ ಮೇಲೆ ರಕ್ತದ ಹನಿಯಂಥ ಚುಕ್ಕೆ. (ಹನಿಯಂಥ ಎಂಬುದನ್ನು ತೆಗೆಯಬೇಕು. ಚುಕ್ಕೆ ಕೆಂಪಗಿದೆ, ಅಷ್ಟೆ.) ಅದು ಮೊಟ್ಟೆಯನ್ನು ಗಿಡಕ್ಕೆ ಇಡುವುದಿಲ್ಲ. ಗಿಡದ ಪಕ್ಕದ ಕಲ್ಲಿಗೆ ಒಂದೊಂದಾಗಿ ಅಂಟಿಸಿ ಹೋಗುತ್ತದೆ. ಗಸಗಸೆಗಿಂತ ತುಸು ದೊಡ್ಡದು, ಅಂಗಿಯ ಗುಂಡಿಯ ಹಾಗೆ ಚಪ್ಪಟೆ, ನಡುವೆ ಗುಳಿ. ಚಳಿಗಾಲವೆಲ್ಲ ಹಿಮದ ಕೆಳಗೆ ಹಾಗೇ ಇರುತ್ತದೆ. ಹಿಮ ಕರಗಿದ ಮೇಲೆ ಕಪ್ಪು ಹುಳು ಹೊರಬರುತ್ತದೆ. ಬಿಸಿಲಿದ್ದರೆ ತಿನ್ನುತ್ತದೆ, ಮೋಡ ಬಂದರೆ ಕಲ್ಲಿನಡಿಗೆ ನುಸುಳುತ್ತದೆ.

ಆ ಹುಳುವಿನ ಫೋಟೋ ಇದುವರೆಗೆ ಯಾರೂ ತೆಗೆದಿಲ್ಲ. ಅದೇ ಇಳಿಜಾರಿನ ಮೊಟ್ಟೆ, ಹುಳು, ಕೋಶ, ಚಿಟ್ಟೆ ಅಷ್ಟರ ಫೋಟೋವನ್ನೂ ತೋರಿಸಿದರೆ ಅಲ್ಲಿ ಬೇರು ಅಗೆಯುವುದನ್ನೂ ಕಲ್ಲು ಸಾಗಿಸುವುದನ್ನೂ ನಿಲ್ಲಿಸುವ ಅರ್ಜಿ ಮುಂದೆ ಹೋಗುತ್ತದಂತೆ. ಆರು ಬೇಸಿಗೆಯಿಂದ ಅತ್ತಿಗೆಯ ಬಳಿ ಚಿಟ್ಟೆಯ ಫೋಟೋ ಇತ್ತು, ಮೊಟ್ಟೆಯವು ಒಂದೆರಡು ಇದ್ದವು. ಈ ಆಗಸ್ಟಿನ ಹೊತ್ತಿಗೆ ಹದಿನೆಂಟು ಮೊಟ್ಟೆ ಸಿಕ್ಕವು. ಮುಂದಿನ ವಸಂತದವರೆಗೆ ಆ ಹದಿನೆಂಟು ಉಳಿಯಬೇಕು.

೩

ಇಲ್ಲಿ ಅತ್ತಿಗೆ ಮಾಡಿದ ತಪ್ಪನ್ನು ಬರೆಯಬೇಕು. ನಿಜವಾದ ಅತ್ತಿಗೆ ಇದನ್ನಿನ್ನೂ ಓದಿಲ್ಲ, ಹೊರಗೆ ಬೆರಣಿ ಒಟ್ಟುತ್ತಿದ್ದಾರೆ. ಆದರೆ ಕಥೆಯೊಳಗಿನ ಅತ್ತಿಗೆ ಸುಮ್ಮನಿರುವವರಲ್ಲ.

"ತಪ್ಪು ಅಂತ ಬರೀಬೇಡ ಕಣೋ."

"ಮತ್ತೇನಂತ ಬರೀಲಿ?"

"ರೂಢಿ ಅಂತ ಬರಿ."

ಸರಿ, ರೂಢಿ. ನಮ್ಮ ಮನೆಯ ಕುರಿಗಳ ಎಡಗಿವಿಯಲ್ಲಿ ಕೆಂಪು ಉಣ್ಣೆಯ ದಾರ ಇರುತ್ತದೆ. ಪಕ್ಕದವರದು ನೀಲಿ. ದಾರ ಕಟ್ಟಿದ ಕುರಿ ಮೂರು ಗುಡ್ಡ ದಾಟಿ ಹೋದರೂ ಬೇರೆಯವರು ಮುಟ್ಟುವುದಿಲ್ಲ, ಅಟ್ಟಿಸಿ ವಾಪಸ್ ಕಳಿಸುತ್ತಾರೆ. ಅತ್ತಿಗೆ ಮೊಟ್ಟೆಯಿದ್ದ ಒಂದೊಂದು ಕಲ್ಲಿನ ಪಕ್ಕದ ಒಣಕಡ್ಡಿಗೂ ಅದೇ ದಾರ ಕಟ್ಟಿದರು. ಹದಿನೆಂಟು ಕಲ್ಲು, ಹದಿನೆಂಟು ದಾರ. ತಮ್ಮದೆಂದು ಗುರುತು ಹಾಕಿದ್ದನ್ನು ಯಾರೂ ಮುಟ್ಟುವುದಿಲ್ಲ ಎಂಬ ನಂಬಿಕೆ. ಕುರಿ ಕಾಯುವವರಿಗೆ ಅದು ಬೇಲಿ. ಪೇಟೆಯಿಂದ ಬಂದವನಿಗೆ, ಮೊಟ್ಟೆ ಇಲ್ಲಿದೆ ನೋಡು ಎಂದು ಹದಿನೆಂಟು ಸಲ ಕೂಗಿ ಹೇಳಿದ ಹಾಗೆ.

"ಈಗ ನಿನ್ನ ತಪ್ಪು ಬರಿ," ಎಂದರು ಕಥೆಯೊಳಗಿನ ಅತ್ತಿಗೆ.

ಅದು ಮುಂದೆ ಬರುತ್ತದೆ ಎಂದೆ.

"ಮುಂದೆ ಅಂದ್ರೆ ಎಷ್ಟು ಮುಂದೆ? ಓದೋರು ಆಕಳಿಸಿ ಪುಟ ಮುಚ್ಚಿದ ಮೇಲಾ?"

೪

ಎರ್ಮೆಕ್ ಬಿಳಿ ಜೀಪಿನಲ್ಲಿ ಬಂದ. ಐವತ್ತರ ಆಸುಪಾಸು, ತಿದ್ದಿದ ಮೀಸೆ, ರಾಜಧಾನಿ ಬಿಷ್ಕೆಕ್‌ನವನ ಮಾತು. ಅಮ್ಮನ ಎರಡೂ ಕೈ ಹಿಡಿದು ಕುಶಲ ಕೇಳಿದ. ಕುರಿಗಳ ಕುಶಲವನ್ನೂ ಕೇಳಿದ. ಚಿಟ್ಟೆಯ ಫೋಟೋ ತೆಗೆಯುವ ಹವ್ಯಾಸ, ಮೊಟ್ಟೆಗಳ ಸುದ್ದಿ ಕೇಳಿ ಬಂದೆ ಎಂದ. (ಮೊದಲು ಅವನಿಗೊಂದು ಮಚ್ಚೆ, ಒಂದು ಓರೆನೋಟ ಕೊಟ್ಟಿದ್ದೆ. ತೆಗೆದೆ. ಅವನ ಮುಖ ನನ್ನ ಮಾವನ ಮುಖದ ಹಾಗೇ ಇತ್ತು.)

ಅತ್ತಿಗೆ ಅವನ ಕ್ಯಾಮೆರಾ ನೋಡಿದರು. ಮೊಳದುದ್ದದ ಲೆನ್ಸ್.

"ಇದ್ರಲ್ಲಿ ಮೊಟ್ಟೆ ಬರುತ್ತಾ?"

"ಬರುತ್ತಮ್ಮ, ಯಾಕ್ ಬರಲ್ಲ."

"ಇದು ಹದ್ದು ತೆಗೆಯೋ ಲೆನ್ಸಲ್ವಾ?"

"ನೀವು ಟೀಚರಾ?" ಅವನು ನಕ್ಕ. "ನಮ್ಮ ಟೀಚರೂ ಹಿಂಗೇ ಕೇಳ್ತಿದ್ರು."

ಉತ್ತರ ಕೊಡಲಿಲ್ಲ ಎಂಬುದನ್ನು ಗಮನಿಸಿ. ಇನ್ನೊಂದು: ಅವನು ಮಾತಾಡುತ್ತಿದ್ದಾಗಲೇ ಒಂದು ಬಿಳಿ ಚಿಟ್ಟೆ ಬಂದು ಗುಡಾರದ ಹಗ್ಗದ ಮೇಲೆ ಕೂತಿತು. ಅತ್ತಿಗೆಯ ಕೈ ತಾನಾಗಿ ಫೋನಿಗೆ ಹೋಯಿತು. ಅವನು ತಿರುಗಿಯೂ ನೋಡಲಿಲ್ಲ.

ಗುಡಾರದ ಹಿಂದೆ ಅತ್ತಿಗೆ ಅಮ್ಮನಿಗೆ ಪಿಸುಗುಟ್ಟಿದರು. "ಅತ್ತೆ, ಚಹಾ ಕೊಡಿ, ಕೆನೆ ಕೊಡಿ. ರೊಟ್ಟಿ ಮಾತ್ರ ನಾನು ಹೇಳೋವರೆಗೂ ಇಡ್ಬೇಡಿ. ಹೋಗೋ ಮುಂಚೆ ಅವನ ಚೀಲ ನೋಡ್ಬೇಕು."

"ರೊಟ್ಟಿ ಇಡ್ದೆ ಚಹಾನಾ? ನಾವೇನು ಬಸ್‌ಸ್ಟ್ಯಾಂಡಲ್ಲಿದೀವಾ?"

"ಅತ್ತೆ, ಒಂದೇ ಒಂದು ದಿನ."

ಅಮ್ಮ ತುಟಿ ಬಿಗಿದರು. ನಮ್ಮಲ್ಲಿ ಬಂದವರು ಒಂದು ತುಂಡು ರೊಟ್ಟಿಯನ್ನಾದರೂ ಬಾಯಿಗೆ ಹಾಕಿಕೊಳ್ಳದೆ ಹೊರಡುವಂತಿಲ್ಲ. ಹಾಗೆ ತಿಂದವನ ಚೀಲಕ್ಕೆ ಕೈ ಹಾಕುವುದೂ ಅವನ ಮುಖಕ್ಕೆ ಉಗಿಯುವುದೂ ಒಂದೇ.

೫

ಇಳಿಜಾರಿಗೆ ಅವನನ್ನು ಕರೆದುಕೊಂಡು ಹೋದವನು ನಾನು. ಅತ್ತಿಗೆ ಆಗುವುದಿಲ್ಲ ಎಂದಿದ್ದರು. ದೂರದಿಂದ ಬಂದವನು ಕೇಳಿದ್ದಾನೆ, ತೋರಿಸಿದರೆ ಸವೆದು ಹೋಗುತ್ತದಾ ಎಂದು ಅಮ್ಮ ನನ್ನನ್ನು ಎಬ್ಬಿಸಿದರು. (ಈ ವಾಕ್ಯದಲ್ಲಿ ನಾನು ಅಮ್ಮನ ಹಿಂದೆ ಅಡಗಿಕೊಂಡಿದ್ದೇನೆ. ನನಗೂ ಹೋಗಬೇಕೆನಿಸಿತ್ತು.)

ದಾರಿಯಲ್ಲಿ ಅವನು ಹೇಳಿದ: "ತಿಲೆಕ್ ಅಂದ್ರೆ ನೀನೇ ಅಲ್ವಾ? ಗ್ರೂಪಲ್ಲಿ ನಿನ್ನ ಫೋಟೋ ನೋಡ್ದೆ. ಒಳ್ಳೇ ಕಣ್ಣಯ್ಯಾ ನಿಂದು. ಹಿಂದಿದ್ದ ಗುಡ್ಡದ ಸಾಲು ನೋಡಿನೇ ಜಾಗ ಗುರುತು ಹಿಡಿದಿದ್ದು."

ಇದೇ ನನ್ನ ತಪ್ಪು. ಫೋಟೋ ಅತ್ತಿಗೆಯದು. ಜುಲೈನಲ್ಲಿ ಸಿಕ್ಕ, ಈ ಬೇಸಿಗೆಯ ಮೊದಲ ಮೊಟ್ಟೆಯದು. ಅವರ ಫೋನಿನಿಂದ ನನ್ನದಕ್ಕೆ ಹಾಕಿಕೊಂಡು, ನನ್ನ ಹೆಸರಿನಲ್ಲಿ ಚಿಟ್ಟೆಯವರ ಗ್ರೂಪಿಗೆ ಕಳಿಸಿದ್ದೆ. ನಾನೂರ ಹನ್ನೆರಡು ಲೈಕ್ ಬಂದಿದ್ದವು. ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಕಥೆಗಳನ್ನು ಓದಿದವರು ನಾಲ್ಕು ಜನ.

ದಾರಗಳನ್ನು ತೋರಿಸಿದೆ. ಅವನು ಬಗ್ಗಿ ನೋಡಿದ. "ಗುರುತು ಹಾಕಿದೀರಾ, ಒಳ್ಳೇದಾಯ್ತು," ಎಂದ.

ಇನ್ನೊಂದು ನೂರು ಹೆಜ್ಜೆ ಹತ್ತಿದರೆ ಗುಡ್ಡದ ತಲೆಯಲ್ಲಿ ಸಿಗ್ನಲ್ ಸಿಗುತ್ತದೆ. ಹತ್ತಿದೆ. ಒಳ್ಳೇ ಕಣ್ಣು ಎಂದವನು ಇವನೊಬ್ಬನೇನಾ ಎಂದು ನೋಡಬೇಕಿತ್ತು. ಇಪ್ಪತ್ತು ನಿಮಿಷ. ಇಳಿದು ಬಂದಾಗ ಅವನು ಚೀಲವನ್ನು ಹೆಗಲಿಗೆ ಏರಿಸಿಕೊಂಡು, ಮಂಡಿಯ ಮಣ್ಣು ಕೊಡವಿಕೊಳ್ಳುತ್ತಿದ್ದ.

"ಮುಗೀತಾ?" ಎಂದೆ.

"ಮುಗೀತು."

೬

ನಾವು ಚಹಾಕ್ಕೆ ಕೂತ ಕೂಡಲೇ ಅತ್ತಿಗೆ ಇಳಿಜಾರಿಗೆ ಹೋದರು. ಹದಿನೆಂಟು ದಾರ ಇದ್ದವು. ಮೊಟ್ಟೆ ಏಳೇ ಇದ್ದವು. ಉಳಿದ ಹನ್ನೊಂದು ದಾರಗಳ ಪಕ್ಕ ಮೊಟ್ಟೆ ಹಾಗಿರಲಿ, ಕಲ್ಲುಗಳೇ ಇರಲಿಲ್ಲ. ಮುಷ್ಟಿಗಾತ್ರದ ಕಲ್ಲು ಕೂತಿದ್ದ ಕಡೆ ಮುಷ್ಟಿಗಾತ್ರದ ಗುಳಿ. ಆಮೇಲೆ ನಾನೇ ಹೋಗಿ ನೋಡಿದ್ದೇನೆ.

ಅವರು ಇಳಿದು ಬರುವುದು ನನಗೆ ಕಂಡಿತು. ಜೀಪಿನ ಬಾಗಿಲು ತೆರೆದಿತ್ತು. ಎರ್ಮೆಕ್ ಚೀಲದ ಸಮೇತ ನಿಂತಿದ್ದ. ಅಮ್ಮ ದುಂಡು ರೊಟ್ಟಿಯನ್ನು ಬಟ್ಟೆಯಲ್ಲಿ ಹಿಡಿದು ಎದುರಿಗೆ ಹೋದರು.

"ಒಂದು ತುಂಡು ಮುರ್ಕೊಳಪ್ಪಾ. ಖಾಲಿ ಬಾಯಲ್ಲಿ ಹೋಗ್ಬಾರ್ದು."

ನಾನು ಅಮ್ಮಾ ಎನ್ನಬಹುದಿತ್ತು. ಮಧ್ಯೆ ಹೋಗಬಹುದಿತ್ತು. ಎರಡೂ ಆಗದಿದ್ದರೆ ಕಾಲು ಜಾರಿ ಬೀಳಬಹುದಿತ್ತು. ಅತ್ತಿಗೆ ಅವನ ಮುಂದೆ ಬಂದು ನಿಂತಾಗ ಅವನು ಅಗಿಯುತ್ತಿದ್ದ.

"ರೊಟ್ಟಿ ಬಹಳ ಚೆನ್ನಾಗಿದೆ," ಎಂದ.

ಅತ್ತಿಗೆ ಅವನ ಬಾಯಿ ನೋಡಿದರು, ಚೀಲ ನೋಡಿದರು, ಅಮ್ಮನನ್ನು ನೋಡಿದರು.

"ಹೋಗ್ಬನ್ನಿ," ಎಂದರು.

ಜೀಪು ತಿರುವಿನಲ್ಲಿ ಮರೆಯಾಯಿತು. ಅಮ್ಮ ಬಟ್ಟೆ ಮಡಿಸುತ್ತಾ, "ಏನಮ್ಮಾ ಮುಖ ಹಂಗ್ ಮಾಡ್ಕೊಂಡಿದೀಯ? ಮೊಟ್ಟೆ ತಾನೆ? ಕೋಳಿದಾಗಿದ್ರೆ ನಾನೂ ಬಯ್ತಿದ್ದೆ," ಎಂದರು.

ಇಲ್ಲಿ ಅತ್ತಿಗೆ ಅತ್ತರು ಎಂದು ಬರೆದಿದ್ದೆ. ಅಳಲಿಲ್ಲ. ಆ ಸಂಜೆ ಮಾಂಸದ ಸಾರನ್ನು ಎರಡನೇ ಬಟ್ಟಲು ಕೇಳಿ ಹಾಕಿಸಿಕೊಂಡರು. ಅದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿದೆ. ಇನ್ನೊಂದೂ ಸಿಕ್ಕಿಕೊಂಡಿದೆ: ಹನ್ನೊಂದು ಕಲ್ಲು ತುಂಬಿದ ಚೀಲ ಹೆಗಲನ್ನು ಜಗ್ಗಬೇಕು. ಅವನ ಹೆಗಲು ಜಗ್ಗಿತ್ತೇ? ಇಳಿಯುವಾಗ ನಾನು ಅವನ ಹಿಂದೆಯೇ ಇದ್ದೆ. ಫೋನ್ ನೋಡುತ್ತಾ ಇದ್ದೆ.

೭

ಕೊನೆಗಳು. ಒಂದನ್ನು ಆರಿಸಿಕೊಳ್ಳಿ ಎಂದು ಹೇಳುವುದಿಲ್ಲ. ನೀವು ಯಾವುದನ್ನು ಆರಿಸುತ್ತೀರಿ ಎಂಬುದರಿಂದ ನೀವು ಯಾರೆಂದು ನನಗೆ ಗೊತ್ತಾಗಿಬಿಡುತ್ತದೆ.

ಕೊನೆ ಒಂದು. ಅತ್ತಿಗೆ ರೊಟ್ಟಿಯನ್ನು ಲೆಕ್ಕಿಸದೆ ಚೀಲ ಎಳೆದು ಬಿಚ್ಚುತ್ತಾರೆ. ಹತ್ತಿಯಲ್ಲಿ ಸುತ್ತಿದ ಹನ್ನೊಂದು ಕಲ್ಲು ಉರುಳುತ್ತವೆ. ಎರ್ಮೆಕ್ ತಲೆ ತಗ್ಗಿಸುತ್ತಾನೆ. ಬರೆಯುವಾಗ ಬಹಳ ಖುಷಿಯಾಯಿತು. ಅದಕ್ಕೇ ಇದನ್ನು ನಂಬಬೇಡಿ.

ಕೊನೆ ಎರಡು. ಚೀಲ ಬಿಚ್ಚುತ್ತಾರೆ. ಒಳಗೆ ಇನ್ನೊಂದು ಲೆನ್ಸ್, ಸಾಸೇಜು, ಹೆಂಡತಿ ಹೆಣೆದ ಕಾಲುಚೀಲ. ಅಮ್ಮ ಕುಸಿದು ಕೂರುತ್ತಾರೆ. ಮಾನ ಉಳಿಸಿಕೊಳ್ಳಲು ಅಣ್ಣ ಒಂದು ಟಗರು ಕಡಿಯುತ್ತಾನೆ. ಎರ್ಮೆಕ್ ಮೂರು ದಿನ ಉಂಡು ಹೋಗುತ್ತಾನೆ. ಕಲ್ಲುಗಳು ಎಲ್ಲಿ ಹೋದವು ಎಂದು ಕೇಳುವ ಮುಖ ಯಾರಿಗೂ ಉಳಿಯುವುದಿಲ್ಲ.

ಕೊನೆ ನಾಲ್ಕು. ಯಾವುದೋ ದೂರದ ಊರಿನ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ಬಿಳಿ ಚಿಟ್ಟೆಗಳು ಸೂಜಿಯ ಮೇಲೆ ಸಾಲಾಗಿ ನಿಂತಿವೆ. ಕೆಳಗೊಂದು ಚೀಟಿ. ಅದರಲ್ಲಿ ಗುಡ್ಡದ ಹೆಸರು, ತಾರೀಕು. ಆಮೇಲೆ: ದಾರಿ ತೋರಿಸಿದವರು, ತಿಲೆಕ್.

೮

ಇದು ಆಮೇಲೆ ಬರೆದದ್ದು.

ತಿಂಗಳ ಕೊನೆಗೆ ನಾನು ಹಾಸ್ಟೆಲಿಗೆ ಹೊರಟೆ. ಕೆಳಗೆ ಲಾರಿ ಬಂದಿತ್ತು. ಅಮ್ಮ ಕುದುರೆಗಳ ಹತ್ತಿರ ಇದ್ದರು, ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದು ಅತ್ತಿಗೆ. ಕೈ ಚಾಚಿದೆ. ರೊಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡರು.

"ನಿಲ್ಲು. ತಿಂದ ಮೇಲೆ ಕೇಳೋ ಹಂಗಿಲ್ಲ. ಮೊದ್ಲು ತೋರ್ಸು."

ಚೀಲ ಬಿಚ್ಚಿ ಸುರಿದೆ. ಅಂಗಿ, ಕಾಲುಚೀಲ, ಒಣಮೊಸರಿನ ಉಂಡೆ, ಲೈಬ್ರರಿಯ ಎರಡು ಪುಸ್ತಕ.

"ನಿನ್ನ ಹರಕು ಕಾಲುಚೀಲ ಯಾರಿಗೆ ಬೇಕೋ? ಫೋನ್ ಕೊಡು."

ಈ ಕಥೆ ಫೋನಿನಲ್ಲಿತ್ತು. ಕೊಟ್ಟೆ. ಪೆಟ್ಟಿಗೆಯ ಮೇಲೆ ಕೂತು ಮೊದಲಿನಿಂದ ಓದಿದರು, ಕಾಪಿ ತಿದ್ದುವಾಗ ಓದುವ ಹಾಗೆ. ಒಂದು ಕಡೆ ನಕ್ಕರು. ಒಂದು ಕಡೆ ಹೆಬ್ಬೆರಳು ಬಹಳ ಹೊತ್ತು ಆಡಿತು. ಲಾರಿ ಮೂರು ಸಲ ಹಾರನ್ ಹೊಡೆಯಿತು.

"ಜಾಗದ್ದೆಲ್ಲ ಸುಳ್ಳು ಬರ್ದಿದೀಯ. ಪರವಾಗಿಲ್ಲ," ಎಂದರು. "ಫೋಟೋ ನಿಂದು ಅಂತ ಹಾಕಿದ್ದು ನಂಗೆ ಆವತ್ತೇ ಗೊತ್ತಾಯ್ತು. ಏಳನೇ ಕ್ಲಾಸಲ್ಲೂ ಕಾಪಿ ಹೊಡೀತಿದ್ದೆ."

"ಆವತ್ತೇ ಅಂದ್ರೆ? ಅವನು ಬರೋಕೆ ಮುಂಚೆನೇನಾ, ಅತ್ತಿಗೆ?"

"ತಿನ್ನು. ಲಾರಿ ಹೋಗುತ್ತೆ."

ತಿಂದೆ. ಆಮೇಲೆ ಅವರೂ ಕೇಳುವಂತಿರಲಿಲ್ಲ, ನಾನೂ ಕೇಳುವಂತಿರಲಿಲ್ಲ.

ಲಾರಿಯ ಹಿಂದೆ ಉಣ್ಣೆ ಮೂಟೆಗಳ ಮೇಲೆ ಕೂತು ಫೋನ್ ತೆರೆದೆ. ಅವರ ದಾರದ ತಪ್ಪು ಹಾಗೇ ಇತ್ತು. ನನ್ನ ನಾನೂರ ಹನ್ನೆರಡು ಲೈಕ್ ಹಾಗೇ ಇತ್ತು. ಸಾರಿನ ಎರಡನೇ ಬಟ್ಟಲನ್ನೂ ಬಿಟ್ಟಿದ್ದರು. ಏಳನೇ ಭಾಗದಲ್ಲಿ ಎರಡನೇ ಕೊನೆ ಇತ್ತು, ನಾಲ್ಕನೆಯದು ಇತ್ತು. ಮಧ್ಯದಲ್ಲಿದ್ದದ್ದು ಇರಲಿಲ್ಲ.

ಅದು ನಿಜವಾಗಿದ್ದರಿಂದ ಅಳಿಸಿದರೋ, ನಿಜವೆಂದು ನಾನು ನಂಬಲಿ ಎಂದು ಅಳಿಸಿದರೋ, ಅಥವಾ ಇವನು ಮತ್ತೆ ಬರೆಯುತ್ತಾನೋ ಇಲ್ಲವೋ ನೋಡೋಣ ಎಂದು ಅಳಿಸಿದರೋ ಗೊತ್ತಿಲ್ಲ. ಪೇಟೆಯ ತಿರುವು ಬಂದಾಗ ಸಿಗ್ನಲ್ ಪೂರ್ತಿ ಬಂತು. ಮೂರನೆಯದು ನನಗೆ ಸಾಲು ಸಾಲೂ ನೆನಪಿದೆ. ಬರೆದವನು ನಾನೇ ತಾನೆ. ಸಂಖ್ಯೆಯನ್ನಾದರೂ ಸರಿ ಮಾಡೋಣ, ನಾಲ್ಕನ್ನು ಮೂರು ಮಾಡೋಣ ಎಂದು ಬೆರಳು ಇಟ್ಟೆ.

ಮಾಡಲಿಲ್ಲ. ಫೋನನ್ನು ಕಿಸೆಗೆ ಹಾಕಿಕೊಂಡೆ. ಹಲ್ಲಿನ ಸಂದಿಯಲ್ಲಿ ಇನ್ನೂ ಒಂದು ಚೂರು ರೊಟ್ಟಿ ಇತ್ತು.